ಮಾಲು ಹೋಯಿತು, ಮಣ್ಣಿನ ಗತಿಯೇನು?

2025ರ ಜುಲೈ ಕೊನೆಯ ವಾರದಲ್ಲಿ ಮುಂಬೈ ಪೊಲೀಸರು ಮೈಸೂರಿನ ಕಟ್ಟಡವೊಂದರ ಮೇಲೆ ದಾಳಿ ನಡೆಸಿ, ಅಲ್ಲಿ ಮೆಫೆಡ್ರೋನ್ ಎಂಬ ಮಾದಕವಸ್ತು ತಯಾರಾಗುತ್ತಿತ್ತೆಂದು ಪ್ರಕಟಿಸಿದರು. ಮಾಲಿನ ಬೆಲೆ ನೂರಾರು ಕೋಟಿ ಎಂಬುದು ದೊಡ್ಡ ಸುದ್ದಿಯಾಯಿತು. ನಮ್ಮ ಪ್ರಶ್ನೆ ಬೇರೆ. ಇಂಥ ಘಟಕದ ಬಚ್ಚಲಿನಿಂದ ಹೊರಬಿದ್ದ ದ್ರವ ಎಲ್ಲಿಗೆ ಹೋಗುತ್ತದೆ?

ಕಳ್ಳತನದಲ್ಲಿ ನಡೆಯುವ ಘಟಕಕ್ಕೆ ತ್ಯಾಜ್ಯ ಸಂಸ್ಕರಣೆಯ ಗೊಡವೆಯಿರುವುದಿಲ್ಲ. ಆಮ್ಲ, ಕ್ಷಾರ, ದ್ರಾವಕಗಳು ಇಂಗುಗುಂಡಿಗೋ ಚರಂಡಿಗೋ ಸೇರುತ್ತವೆ. ಕೆಲವು ದ್ರಾವಕಗಳು ನೀರಿಗಿಂತ ಭಾರವಾದವು. ಅವು ಮಣ್ಣನ್ನು ದಾಟಿ ಬಂಡೆಯ ಬಿರುಕುಗಳಲ್ಲಿಳಿದು, ದೂರದ ಕೊಳವೆಬಾವಿಯಲ್ಲಿ ಕಾಣಿಸಿಕೊಳ್ಳಬಲ್ಲವು. ಗೋಡೆಯ ಗಾರೆಯೂ ವಿಷವನ್ನು ಹೀರಿಟ್ಟುಕೊಳ್ಳುತ್ತದೆ.

ನಮ್ಮ ಊರುಗಳಲ್ಲಿ ಇಂಥದು ನಡೆದಿದೆಯೆಂದು ಹೇಳುತ್ತಿಲ್ಲ. ಆದರೆ ಖಾಲಿ ಬಿದ್ದ ಕೋಳಿ ಶೆಡ್ಡು, ಬಾಡಿಗೆಗೆ ಕೊಟ್ಟ ತೋಟದ ಮನೆ, ಹಂಗಾಮು ಮುಗಿದ ಹೊಗೆಸೊಪ್ಪಿನ ಬ್ಯಾರನ್ ಎಲ್ಲೆಡೆ ಇವೆ. ಹಾಸನ, ಹೊಳೆನರಸೀಪುರಗಳ ಹೇಮಾವತಿ, ಅರಕಲಗೂಡಿನ ಕಾವೇರಿ, ಚನ್ನರಾಯಪಟ್ಟಣದ ಕೆರೆ-ಕೊಳವೆಬಾವಿಗಳು ಇವುಗಳ ಮಗ್ಗುಲಲ್ಲೇ ಇವೆ. ಅಪರಾಧಿ ಜೈಲಿಗೆ ಹೋದರೂ, ತಿಳಿಯದೆ ಬಾಡಿಗೆ ಕೊಟ್ಟ ರೈತನಿಗೆ ಉಳಿಯುವುದು ಕೆಟ್ಟ ನೆಲ.

1985ರ ಮಾದಕವಸ್ತು ಕಾಯ್ದೆ ವಶಪಡಿಸಿಕೊಂಡ ಸರಕಿನ ವಿಲೇವಾರಿಯನ್ನು ಹೇಳುತ್ತದೆ; ನೆಲದ ಶುದ್ಧಿಯನ್ನು ಹೇಳುವುದಿಲ್ಲ. ಬಾವಿಗೆ, ಹೊಳೆಗೆ, ನೆಲಕ್ಕೆ ವಿಷ ಹರಿಸುವುದನ್ನು 1974ರ ಜಲಮಾಲಿನ್ಯ ಕಾಯ್ದೆ ನಿಷೇಧಿಸಿದೆ. ಕೇಂದ್ರ ಸರ್ಕಾರ 2025ರ ಜುಲೈ 24ರಂದು ಕಲುಷಿತ ಸ್ಥಳಗಳ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಮಾದಕವಸ್ತು ಘಟಕಗಳನ್ನು ಅವು ಹೆಸರಿಸುವುದಿಲ್ಲ. ಆದರೂ ಶಂಕಿತ ಸ್ಥಳಗಳನ್ನು ಗುರುತಿಸುವ ಹೊಣೆ ಜಿಲ್ಲಾಡಳಿತದ್ದು, ಶುದ್ಧೀಕರಣದ ವೆಚ್ಚ ಕೆಡಿಸಿದವನದು ಎಂಬ ತತ್ತ್ವ ಅಲ್ಲಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ಮನೆಗಳ ಶುದ್ಧೀಕರಣಕ್ಕೆಂದೇ 2009ರಲ್ಲಿ ಮಾರ್ಗಸೂಚಿ ಪ್ರಕಟಿಸಿತು. ಅಲ್ಲಿನ ಹಲವು ರಾಜ್ಯಗಳಲ್ಲಿ ಶುದ್ಧವಾಯಿತೆಂಬ ಒಪ್ಪಿಗೆ ದೊರೆಯದೆ ಮನೆಯಲ್ಲಿ ಮತ್ತೆ ವಾಸಿಸುವಂತಿಲ್ಲ.

ನಮ್ಮ ಪಂಚಾಯಿತಿಗಳು ಕಾಯಬೇಕಾಗಿಲ್ಲ. ದಾಳಿಯ ನಂತರ ಕಟ್ಟಡಕ್ಕೆ ಬೀಗಮುದ್ರೆ ಇರಲಿ. ಮಾಲಿನ್ಯ ನಿಯಂತ್ರಣ ಮಂಡಳಿ ಮಾದರಿ ತೆಗೆಯುವವರೆಗೆ ಯಾರೂ ಅದನ್ನು ತೊಳೆಯದಿರಲಿ. ತೊಳೆದರೆ ವಿಷ ಮತ್ತಷ್ಟು ಆಳಕ್ಕೆ ಇಳಿಯುತ್ತದೆ. ಸುತ್ತಲಿನ ಬಾವಿಗಳ ಪರೀಕ್ಷೆಯಾಗುವ ತನಕ ಆ ನೀರನ್ನು ಜನರಿಗಾಗಲಿ ದನಗಳಿಗಾಗಲಿ ಬಳಸದಿರಲಿ, ಬದಲಿ ನೀರನ್ನು ಪಂಚಾಯಿತಿ ಒದಗಿಸಲಿ. ವರದಿಯನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿ ದಾಖಲಿಸಲಿ. ಮುಂದೆ ಕೊಳ್ಳುವವನಿಗೆ, ಬಾಡಿಗೆಗೆ ಬರುವವನಿಗೆ ಅದು ತಿಳಿದಿರಬೇಕು.

ಮುಂದಿನ ಗ್ರಾಮಸಭೆಯಲ್ಲಿ ಈ ನಿರ್ಣಯವನ್ನು ಮಂಡಿಸಿ, ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಮಂಡಳಿಯ ಹಾಸನ ಕಚೇರಿಗೂ ಕಳುಹಿಸೋಣ. ವಿದ್ಯಾರ್ಥಿ ಮಿತ್ರರು ತಮ್ಮೂರಿನ ಬಾವಿಗಳ ಪಟ್ಟಿಯನ್ನು ಈಗಲೇ ಸಿದ್ಧಪಡಿಸಲಿ. ನೀರು ಕೆಟ್ಟ ಮೇಲೆ ಬಾವಿಗಳನ್ನು ಎಣಿಸುತ್ತ ಕೂರಲು ಸಮಯವಿರುವುದಿಲ್ಲ.