ತಲುಪಿತು ಎನ್ನಲು ಯಾಕಿಷ್ಟು ಸಂಕೋಚ?

'ರಸೀದಿ' ಫಾರ್ಸಿಯಿಂದ ಬಂದು ಕನ್ನಡದ್ದೇ ಆಗಿಹೋದ ಶಬ್ದ. ಮೂಲದಲ್ಲಿ ಅದರ ಅರ್ಥ ಇಷ್ಟೇ: 'ತಲುಪಿತು'. ಕೊಟ್ಟವನ ನೆಮ್ಮದಿಗಾಗಿ ಪಡೆದವನು ಆಡಬೇಕಾದ ಮಾತು ಅದು. ಬಟ್ಟೆ ಅಂಗಡಿಯವನು, ಮಸೀದಿಗೆ ಚಂದಾ ಎತ್ತುವ ಹುಡುಗ, ಜಾತ್ರೆಯ ಪಟ್ಟಿ ಹಿಡಿದು ಬರುವವನು ಕೂಡ ಹಣ ಕೈಗೆ ಬಿದ್ದ ಕೂಡಲೇ ಅದನ್ನು ಬರೆದುಕೊಡುತ್ತಾರೆ. ಮೀನಮೇಷ ಎಣಿಸುವುದು ಸರ್ಕಾರ ಮಾತ್ರ.

ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಆಂಧ್ರದ ಆದೋನಿಯ ಬೀಗರಿಂದ ಹಳೆಯ ಕಾರೊಂದನ್ನು ಕೊಂಡ. ಶೋಕಿಗಲ್ಲ, ಅವನ ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಅಲ್ಲಿಂದ ಎನ್‌ಓಸಿ ತಂದ. ಇಲ್ಲಿಯ ಜೀವಾವಧಿ ತೆರಿಗೆಯನ್ನು ಹೆಂಡತಿಯ ಬಳೆ ಅಡವಿಟ್ಟು ಆನ್‌ಲೈನಿನಲ್ಲಿ ಕಟ್ಟಿದ. ಖಾತೆಯಿಂದ ಹಣ ಹೋಯಿತು. ಪರದೆಯ ಮೇಲೆ ಮಾತ್ರ 'ಪೆಂಡಿಂಗ್' ಎಂದು ಬಂತು. ಕಚೇರಿಯಲ್ಲಿ ಕೇಳಿದರೆ 'ನಮಗೆ ಬಂದಿಲ್ಲ, ಬ್ಯಾಂಕಿಗೆ ಹೋಗು'. ಬ್ಯಾಂಕಿನಲ್ಲಿ ಕೇಳಿದರೆ 'ನಾವು ಕಳಿಸಿದ್ದೇವೆ, ಕಚೇರಿಗೆ ಹೋಗು'. ಹೆಸರುಗಳು ಬೇಡ, ಎಲ್ಲ ಕಚೇರಿಗಳ ಕಿಟಕಿಯೂ ಒಂದೇ ಬಗೆಯದು.

ಡಯಾಲಿಸಿಸನ್ನು ಪೆಂಡಿಂಗ್ ಇಡಲು ಬರುವುದಿಲ್ಲ. ಒಂದು ಬೆಳಿಗ್ಗೆ ಕಾರು ತೆಗೆದ. ರಸ್ತೆಯಲ್ಲಿ ತಡೆದರು.

'ಟ್ಯಾಕ್ಸ್ ಕಟ್ಟಿದ್ದಕ್ಕ ಏನೈತಿ?'

'ಕಟ್ಟೀನ್ರಿ ಸಾಹೇಬ್ರ, ಬ್ಯಾಂಕಿನ ಮೆಸೇಜ್ ಐತಿ ನೋಡ್ರಿ.'

'ಮೆಸೇಜು ಯಾರು ಬೇಕಾದ್ರೂ ತೋರಸ್ತಾರ.'

ಮುಕ್ಕಾಲು ತಾಸು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಮಲಗಿದ್ದ ಮುದುಕಿಯನ್ನು ನೋಡಿದ ಮೇಲೆ ಬಿಟ್ಟರು. ಬಿಟ್ಟದ್ದು ಕರುಣೆಯಿಂದ, ಅವನ ಹಕ್ಕೆಂದಲ್ಲ. ನನ್ನ ಜಗಳ ಇರುವುದು ಇಲ್ಲಿಯೇ.

ತಡೆದವರ ಅನುಮಾನ ಪೂರ್ತಿ ತಪ್ಪೆನ್ನಲಾರೆ. ಚಿಕ್ಕಾಸು ಕಟ್ಟದೆ ಹೊರರಾಜ್ಯದ ನಂಬರಿನಲ್ಲಿ ವರ್ಷಗಟ್ಟಲೆ ಓಡಾಡುವವರಿದ್ದಾರೆ, ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ. ಕೇಳಿದರೆ ಅವರೂ 'ಕಟ್ಟೀನಿ' ಎನ್ನುತ್ತಾರೆ. ಅವರ ಸುಳ್ಳಿನ ದಂಡವನ್ನು ನಿಜ ಹೇಳುವವನು ತೆರಬೇಕಾಗಿದೆ. ಆದರೆ ಸುಳ್ಳನ್ನೂ ನಿಜವನ್ನೂ ಬೇರ್ಪಡಿಸುವ ಲೆಕ್ಕದ ಪುಸ್ತಕ ಇರುವುದು ಯಾರ ಕೈಯಲ್ಲಿ?

ಕಾಗದ ಸದಾ ಕೈಯಲ್ಲಿರುವುದಿಲ್ಲ ಎಂಬುದು ಕಾನೂನಿಗೂ ಗೊತ್ತಿದ್ದ ಸಂಗತಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ಕೇಳಿದಾಗ ದಾಖಲೆ ಇಲ್ಲದಿದ್ದರೆ ಅದರ ದೃಢೀಕೃತ ನಕಲನ್ನು 15 ದಿನಗಳೊಳಗೆ ಒಪ್ಪಿಸುವ ಅವಕಾಶವಿತ್ತು. 2018ರಲ್ಲಿ ಆ ನಿಯಮವನ್ನು ತಿದ್ದಿ, ಮೊಬೈಲಿನಲ್ಲಿರುವ ದಾಖಲೆಯೂ ಸಲ್ಲುತ್ತದೆ ಎಂದರು. ಒಳ್ಳೆಯದೇ. ಆದರೆ ಸರ್ಕಾರ ಇನ್ನೂ ಹುಟ್ಟಿಸದ ದಾಖಲೆಯನ್ನು ಯಾವ ಮೊಬೈಲಿನಲ್ಲಿ ತೋರಿಸುವುದು?

ಬ್ರಿಟನ್ನಿನಲ್ಲಿ ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಕಾರಿನ ಗಾಜಿಗೆ ದುಂಡನೆಯ ಚೀಟಿ ಅಂಟಿಸುವ ಪದ್ಧತಿ 1921ರಿಂದ ಇತ್ತು. ಹಣ ಕಟ್ಟಿ ಅಂಚೆಯಲ್ಲಿ ಚೀಟಿ ಬರಲೆಂದು ಕಾಯುವವರಿಗೆ ಕೆಲವು ದಿನಗಳ ರಿಯಾಯಿತಿ ಕೊಡುತ್ತಿದ್ದರು. 2014ರ ಅಕ್ಟೋಬರ್ 1ರಂದು ಆ ಚೀಟಿಯನ್ನೇ ತೆಗೆದುಹಾಕಿದರು. ಲೆಕ್ಕ ತಮ್ಮ ಬಳಿಯೇ ಇರುವಾಗ ಜನರನ್ನು ಕೇಳುವುದೇಕೆ ಎಂಬುದು ಅವರ ವಿಚಾರ. ನಾವು ಕಂಪ್ಯೂಟರನ್ನು ತಂದೆವು, ಆ ವಿಚಾರವನ್ನು ತರಲಿಲ್ಲ.

ಇದೇ ಸೀಮೆಯ ರಸ್ತೆಗಳನ್ನು ಬೇರೊಂದು ಕಾಲದಲ್ಲಿ ಕಂಡವರು ನಾವು. ಅದಿರಿನ ಲಾರಿಗಳು ಹಗಲಿರುಳು ಸಾಲುಗಟ್ಟಿ ಹೋಗುತ್ತಿದ್ದವು. ಪರವಾನಗಿ ಇಲ್ಲದ ಅದಿರು, ಮಿತಿಮೀರಿದ ಭಾರ, ಇವೆಲ್ಲ ಬಯಲಾದದ್ದು ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ವರದಿಗಳಿಂದ. 2011ರ ಜುಲೈ ವರದಿ ಬೊಕ್ಕಸದ ನಷ್ಟವನ್ನು 16,000 ಕೋಟಿ ರೂಪಾಯಿಗೂ ಮೇಲೆಂದು ಲೆಕ್ಕ ಹಾಕಿತು. ಆ ಲಾರಿಗಳಿಗೆ ದಾರಿ ಬಿಟ್ಟ ವ್ಯವಸ್ಥೆಯೇ ಇಂದು ಕಟ್ಟಿದವನ ಮುಂದೆ ಕೈ ಅಡ್ಡ ಹಿಡಿದು ರುಜುವಾತು ಕೇಳುತ್ತಿದೆ.

ನಾನು ಕೇಳುವುದು ದೊಡ್ಡದೇನಲ್ಲ. ಖಾತೆಯಿಂದ ಹಣ ಹೊರಟ ಗಳಿಗೆಯೇ ತೆರಿಗೆ ಕಟ್ಟಿದ ಗಳಿಗೆ ಎಂದಾಗಲಿ. ಆಮೇಲಿನ 'ಪೆಂಡಿಂಗ್' ಬ್ಯಾಂಕಿಗೂ ಸರ್ಕಾರಕ್ಕೂ ಇರುವ ವ್ಯಾಜ್ಯ. ಅದು ತೀರುವವರೆಗೆ ಬ್ಯಾಂಕಿನ ವ್ಯವಹಾರ ಸಂಖ್ಯೆಯನ್ನೇ ತಾತ್ಕಾಲಿಕ ರುಜುವಾತೆಂದು ಒಪ್ಪಲಿ. ಸುಳ್ಳೆಂದು ಕಂಡರೆ ದುಪ್ಪಟ್ಟು ದಂಡ ಹಾಕಲಿ, ನಮ್ಮ ತಕರಾರಿಲ್ಲ. ಕಟ್ಟಿದವರೂ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ರಸ್ತೆಯಲ್ಲಿ ನೋಟು ಮಡಚಿ ಕೊಟ್ಟು ಪಾರಾಗುವ ಚಾಳಿಯನ್ನು ಬಿಡಬೇಕು. ಹಾಗೆ ಕೊಟ್ಟ ಹಣಕ್ಕೆ ಯಾರೂ 'ತಲುಪಿತು' ಎಂದು ಬರೆದುಕೊಡುವುದಿಲ್ಲ.

ಹದಿನಾರನೆಯ ದಿನ ನಮ್ಮ ಮೆಕ್ಯಾನಿಕ್‌ನ ರಸೀದಿ ಬಂತು. ಅದರಲ್ಲಿದ್ದ ತಾರೀಕು ಅವನು ಹಣ ಕಟ್ಟಿದ ದಿನದ್ದೇ. ಅಂದರೆ ತಾಯಿಯನ್ನು ಕೂರಿಸಿಕೊಂಡು ರಸ್ತೆ ಬದಿ ನಿಂತ ಆ ಬೆಳಿಗ್ಗೆ ಅವನು ತೆರಿಗೆ ಕಟ್ಟಿದವನೇ ಆಗಿದ್ದ. ಸರ್ಕಾರವೇ ಬರೆದುಕೊಟ್ಟಿದೆ.