ಈಗಿನ ಮಕ್ಕಳಲ್ಲಿ ಪ್ರತಿಭೆ ಇಲ್ಲವೇ?



ಹೋದ ತಿಂಗಳು ನಮ್ಮ ಶಾಲೆಯ ಫುಟ್‌ಬಾಲ್ ಟೀಮು ಪಕ್ಕದ ಊರಿನ ಶಾಲೆಯ ಮೇಲೆ ಆಡಿ 5-0 ಗೋಲುಗಳಿಂದ ಸೋತಿದ್ದು ಎಲ್ಲರಿಗೂ ಗೊತ್ತು. ಅವತ್ತು ವಾಪಸ್ ಬರುವಾಗ ಟೆಂಪೋದಲ್ಲಿ ಒಬ್ಬರೂ ಮಾತಾಡಲಿಲ್ಲ. ಆದರೆ ಮಾರನೇ ದಿನದಿಂದ ಊರಲ್ಲೆಲ್ಲ ಒಂದೇ ಮಾತು. "ನೀವು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಇದ್ದ ಬ್ಯಾಚಿನಲ್ಲಿ ಪ್ರತಿಭೆ ಇತ್ತು. ನಿಮ್ಮಲ್ಲಿ ಏನೂ ಇಲ್ಲ" ಅಂತ ಅಂಗಡಿ ಮುಂದೆ ಕೂತವರೂ ಹೇಳಿದರು, ನಮ್ಮಲ್ಲೇ ಕೆಲವರು ಹೇಳಿದರು. ಆ ಬ್ಯಾಚಿನವರು ಗೆದ್ದ ಕಪ್ಪು ಈಗಲೂ ಆಫೀಸ್ ರೂಮಿನ ಬೀರುವಿನ ಮೇಲೆ ಇದೆ.

ನಾನು ಟೀಮಿನಲ್ಲಿಲ್ಲ. ನಮ್ಮ ಶಾಲೆಯಲ್ಲಿ ಫುಟ್‌ಬಾಲಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವ ರೂಢಿ ಇಲ್ಲ. ಗೆರೆ ದಾಟಿ ಬೇಲಿಗೆ ಹೋದ ಚೆಂಡನ್ನು ತಂದುಕೊಡುವುದು ನನ್ನ ಕೆಲಸ. ಆದ್ದರಿಂದ ನಾನು ನನ್ನ ಪರವಾಗಿಯೇ ವಾದ ಮಾಡುತ್ತಿದ್ದೇನೆ ಅಂತ ದಯವಿಟ್ಟು ತಿಳಿಯಬೇಡಿ. ಪ್ರತಿಭೆ ಒಂದು ವರ್ಷ ಇರುತ್ತೆ, ಇನ್ನೊಂದು ವರ್ಷ ಇರಲ್ಲ ಅನ್ನೋ ಮಾತು ನಿಜವಾ ಅಂತ ನನಗೆ ಯೋಚನೆ ಬಂತು. ನಮ್ಮ ತಾತನನ್ನು ಕೇಳಿದೆ. ಹಳೇ ಪೇಪರು ಓದಿದೆ, ಅಕ್ಕನ ಮೊಬೈಲಿನಲ್ಲಿ ಹುಡುಕಿದೆ. ನಮ್ಮ ಶಾಲೆಯ ಕಥೆಯೇ ನಮ್ಮ ರಾಜ್ಯದ ಟೀಮಿನ ಕಥೆಯೂ ಆಗಿದೆ ಅಂತ ಆಗ ಗೊತ್ತಾಯ್ತು.

ರಾಜ್ಯ ರಾಜ್ಯಗಳ ನಡುವೆ ನಡೆಯುವ ಫುಟ್‌ಬಾಲ್ ಪಂದ್ಯಾವಳಿಗೆ ಸಂತೋಷ್ ಟ್ರೋಫಿ ಅಂತ ಹೆಸರು. ಸಂತೋಷ್ ಅಂದರೆ ಒಂದು ಊರು. ಅದು ಈಗ ಬಾಂಗ್ಲಾದೇಶದಲ್ಲಿದೆ. ಈ ಪಂದ್ಯಾವಳಿ ಶುರುವಾಗಿದ್ದು 1941ರಲ್ಲಿ. ನಾವು ಗೆದ್ದ ವರ್ಷಗಳನ್ನು ಕೆಳಗೆ ಬರೆದಿದ್ದೇನೆ.

1946-47: ಮೈಸೂರು
1952-53: ಮೈಸೂರು
1967-68: ಮೈಸೂರು
1968-69: ಮೈಸೂರು
2022-23: ಕರ್ನಾಟಕ

ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರಲ್ಲಿ. ಅದಕ್ಕೇ ಮೊದಲ ನಾಲ್ಕರಲ್ಲಿ ಮೈಸೂರು ಅಂತ ಇದೆ. ಈಗ ಲೆಕ್ಕ ಹಾಕಿ ನೋಡಿ. ಮೊದಲನೇ ಗೆಲುವಿನಿಂದ ನಾಲ್ಕನೇ ಗೆಲುವಿಗೆ 22 ವರ್ಷ. ನಾಲ್ಕನೇ ಗೆಲುವಿನಿಂದ ಐದನೆಯದಕ್ಕೆ 54 ವರ್ಷ! 1975-76ರಲ್ಲಿ ಒಂದು ಸಲ ಫೈನಲ್‌ಗೆ ಹೋಗಿ ಬಂಗಾಳದ ಮೇಲೆ ಸೋತೆವು. ಆಮೇಲೆ 2023ರವರೆಗೆ ಫೈನಲ್ಲಿಗೂ ಹೋಗಲಿಲ್ಲ. ಹಾಗಾದರೆ 1969ರಲ್ಲಿ ಬಸ್ಸು ಹತ್ತಿ ಹೋದ ಪ್ರತಿಭೆ 2023ರಲ್ಲಿ ವಾಪಸ್ ಬಂತಾ? ಅದು ಹೇಗೆ ಸಾಧ್ಯ? ಈ 54 ವರ್ಷದಲ್ಲಿ ಬೆಂಗಳೂರಿನಲ್ಲಿ ಎಷ್ಟು ಲಕ್ಷ ಮಕ್ಕಳು ಹುಟ್ಟಿರಬೇಕು! ಅವರಲ್ಲಿ ಚೆನ್ನಾಗಿ ಒದೆಯುವ ಹನ್ನೊಂದು ಜನ ಇರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಮೊದಲು ಯಾಕೆ ಅಷ್ಟು ಒಳ್ಳೆಯ ಆಟಗಾರರು ಇದ್ದರು? ತಾತ ಹುಡುಗನಾಗಿದ್ದಾಗ ಅವರ ಚಿಕ್ಕಪ್ಪನ ಜೊತೆ ಕೆಂಗೇರಿಯಿಂದ ಬಸ್ಸಿನಲ್ಲಿ ಹೋಗಿ ಕಂಟೋನ್ಮೆಂಟ್ ಕಡೆ ಮ್ಯಾಚ್ ನೋಡುತ್ತಿದ್ದರಂತೆ. "ಅಲ್ಲಿ ಎಲ್ಲಿ ನೋಡಿದರೂ ಬಯಲು ಕಣಮ್ಮ. ಬಯಲು ಕಂಡ ಕಡೆ ಚೆಂಡು" ಅಂತಾರೆ ತಾತ. ಹಲಸೂರು, ಆಸ್ಟಿನ್ ಟೌನ್, ಗೌತಮಪುರ ಈ ಕಡೆ ಫುಟ್‌ಬಾಲ್ ಜಾಸ್ತಿ. ಬ್ರಿಟಿಷ್ ಸಿಪಾಯಿಗಳು ಆಡುವುದನ್ನು ನೋಡಿ ಅಲ್ಲಿಯ ಮಕ್ಕಳು ಬರಿಗಾಲಲ್ಲಿ ಆಡಲು ಕಲಿತರು. ಕಲಿತು ಸುಮ್ಮನಿರಲಿಲ್ಲ. ಬೊಂಬಾಯಿಯ ರೋವರ್ಸ್ ಕಪ್ಪನ್ನು ಮೊದಲೆಲ್ಲ ಸೈನ್ಯದ ಟೀಮುಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನೋ ನಮ್ಮೂರಿನ ಕ್ಲಬ್ಬು ಅದನ್ನು ಗೆದ್ದುಕೊಂಡು ಬಂತು. 1938ರಲ್ಲಿ ಮತ್ತೆ ಗೆದ್ದಿತು.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಲಂಡನ್ ಒಲಿಂಪಿಕ್ಸ್ ನಡೆಯಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಆಡಿದರು. 2-1ರಿಂದ ಸೋತರು. ಆದರೆ ಆ ಒಂದು ಗೋಲು ಹೊಡೆದವರು ಮೈಸೂರು ರಾಜ್ಯದ ಟೀಮಿಗೆ ಆಡುತ್ತಿದ್ದ ಸಾರಂಗಪಾಣಿ ರಾಮನ್. ಅದೇ ಟೀಮಿನಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ನಮ್ಮ ಕೆಂಪಯ್ಯ ಟೀಮಿನಲ್ಲಿದ್ದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನದ ಪದಕ ಗೆದ್ದಿತು. ಆ ಟೀಮಿನಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಇವರ ಹೆಸರುಗಳು ನಮ್ಮ ಪಾಠದಲ್ಲಿ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಬಯಲಿನ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಎಚ್.ಎ.ಎಲ್., ಐ.ಟಿ.ಐ. ಮುಂತಾದ ಸರ್ಕಾರಿ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ಟೀಮು ಕಟ್ಟಿದ್ದವು. ಚೆನ್ನಾಗಿ ಆಡಿದರೆ ಸಂಬಳ ಬರುತ್ತೆ ಅಂದರೆ ಯಾವ ಅಪ್ಪ ಅಮ್ಮ ತಾನೇ ಮಗನನ್ನು ಬೈತಾರೆ? ಈಗ ನಾವು ಚೆಂಡು ಹಿಡಿದರೆ "ಅದರಿಂದ ಅನ್ನ ಹುಟ್ಟುತ್ತಾ?" ಅಂತ ಕೇಳುತ್ತಾರೆ. ಆಗ ಹುಟ್ಟುತ್ತಿತ್ತು.

ಆಮೇಲೆ ಏನಾಯ್ತು? ನನಗೆ ಮೂರು ಕಾರಣ ಕಾಣಿಸುತ್ತವೆ.

ಒಂದನೆಯದು, ಬಯಲು ಹೋಯಿತು. ಬೆಂಗಳೂರು ಬೆಳೆದು ಬೆಳೆದು ನಮ್ಮ ಕೆಂಗೇರಿ ದಾಟಿದೆ. 2021ರಲ್ಲಿ ಕೆಂಗೇರಿಗೆ ಮೆಟ್ರೋ ಬಂತು, 2023ರಲ್ಲಿ ಚಲ್ಲಘಟ್ಟಕ್ಕೂ ಬಂತು. ಮೆಟ್ರೋ ಬಂದಿದ್ದು ನನಗೆ ಖುಷಿಯೇ. ಆದರೆ ತಾತ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸಕ್ಕೆ ಹೋಗುವಾಗ ದಾರಿಯಲ್ಲಿ ಕಂಡ ಹೊಲ, ಬಯಲು ಯಾವುದೂ ಈಗ ಇಲ್ಲವಂತೆ. ಸೈಟುಗಳಾಗಿವೆ.

ಎರಡನೆಯದು, ಮಕ್ಕಳು ಬೇರೆ ಆಟಕ್ಕೆ ಹೋದರು. 1973-74ರಲ್ಲಿ ಕರ್ನಾಟಕ ಮೊದಲನೇ ಸಲ ರಣಜಿ ಟ್ರೋಫಿ ಗೆದ್ದಿತು. ಅದಕ್ಕೆ ಮುಂಚೆ 15 ವರ್ಷ ಸತತವಾಗಿ ಬೊಂಬಾಯಿಯೇ ಗೆದ್ದಿತ್ತು. 1983ರಲ್ಲಿ ಭಾರತ ವಿಶ್ವಕಪ್ ಗೆದ್ದಾಗ ನಮ್ಮ ರೋಜರ್ ಬಿನ್ನಿ, ಸಯ್ಯದ್ ಕಿರ್ಮಾನಿ ಟೀಮಿನಲ್ಲಿದ್ದರು. ಬಿನ್ನಿ ಎಲ್ಲರಿಗಿಂತ ಜಾಸ್ತಿ, 18 ವಿಕೆಟ್ ತೆಗೆದರು. ಆಮೇಲೆ ಯಾವ ಬೀದಿಯಲ್ಲಿ ನೋಡಿದರೂ ಬ್ಯಾಟು. ನೋಡಿ, ಫುಟ್‌ಬಾಲ್ ಇಳಿದ ಸಮಯದಲ್ಲೇ ಕ್ರಿಕೆಟ್ ಏರಿತು. ಹಾಗಾದರೆ ನಮ್ಮ ಮಕ್ಕಳಲ್ಲಿ ಪ್ರತಿಭೆ ಇತ್ತು ಅಂತ ತಾನೇ ಅರ್ಥ? ಅದು ಜಾಗ ಬದಲಿಸಿತು ಅಷ್ಟೆ. ನೀರು ತಗ್ಗಿದ್ದ ಕಡೆ ಹರಿಯುವ ಹಾಗೆ ಮಕ್ಕಳು ಅವಕಾಶ ಇದ್ದ ಕಡೆ ಹೋಗುತ್ತಾರೆ.

ಮೂರನೆಯದನ್ನು ನಾವು ಮರೆಯುತ್ತೇವೆ. ಬೇರೆಯವರೂ ಮೇಲೆ ಬಂದರು. 2002-03ರಲ್ಲಿ ಮಣಿಪುರ, 2013-14ರಲ್ಲಿ ಮಿಜೋರಾಂ ಸಂತೋಷ್ ಟ್ರೋಫಿ ಗೆದ್ದವು. ಅವು ಚಿಕ್ಕ ರಾಜ್ಯಗಳು. ನಾವು ನಿಂತ ಜಾಗದಲ್ಲೇ ನಿಂತಿದ್ದರೂ ಓಡುವವರು ನಮ್ಮನ್ನು ಹಿಂದೆ ಹಾಕುತ್ತಾರೆ. ನಮ್ಮನ್ನು ಸೋಲಿಸಿದ ಶಾಲೆಯವರು ದಿನಾ ಬೆಳಿಗ್ಗೆ ಒಂದು ಗಂಟೆ ಆಡುತ್ತಾರೆ ಅಂತ ಅವರ ಗೋಲಿಯೇ ನನಗೆ ಹೇಳಿದ. ನಾವು ಮ್ಯಾಚಿಗೆ ಮುಂಚೆ ಒಟ್ಟು ನಾಲ್ಕು ದಿನ ಆಡಿದ್ದೆವು.

ಈಗ 2023ಕ್ಕೆ ಬರೋಣ. ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಫೈನಲ್ ನಡೆಯಿತು. ಕರ್ನಾಟಕ 3-2ರಿಂದ ಮೇಘಾಲಯವನ್ನು ಸೋಲಿಸಿತು. ಸುನಿಲ್ ಕುಮಾರ್, ಬೇಕಿ ಒರಾಮ್, ರಾಬಿನ್ ಯಾದವ್ ಗೋಲು ಹೊಡೆದರು. ತಾತ ಪೇಪರು ಓದಿ ಕಣ್ಣೊರೆಸಿಕೊಂಡಿದ್ದು ನನಗೆ ನೆನಪಿದೆ. ಇದು ಒಂದೇ ದಿನದಲ್ಲಿ ಆಗಿದ್ದಲ್ಲ. 2013ರಲ್ಲಿ ಬೆಂಗಳೂರು ಎಫ್.ಸಿ. ಅಂತ ಕ್ಲಬ್ಬು ಶುರುವಾಗಿ ಮೊದಲನೇ ವರ್ಷವೇ ಐ-ಲೀಗ್ ಗೆದ್ದಿತು. ಕಂಠೀರವ ಸ್ಟೇಡಿಯಂಗೆ ಜನ ಬರಲು ಶುರುಮಾಡಿದರು. ಲೀಗ್ ಮ್ಯಾಚುಗಳು ನಡೆದವು, ಮಕ್ಕಳಿಗೆ ಕಲಿಸುವ ಕಡೆಗಳು ಹುಟ್ಟಿಕೊಂಡವು. ಆಡಿಸಿದರು, ಆದ್ದರಿಂದ ಆಟಗಾರರು ಬಂದರು.

ಇದನ್ನು ಹೇಳಿದರೆ ಕೆಲವರು "ಗೋಲು ಹೊಡೆದವರ ಹೆಸರು ನೋಡು, ಅವರೆಲ್ಲ ನಮ್ಮವರಾ?" ಅಂತ ಕೇಳುತ್ತಾರೆ. ಅದಕ್ಕೆ ನನ್ನ ಉತ್ತರ ಹೀಗಿದೆ. ಬೆಂಗಳೂರಿನ ಅಹಮದ್ ಖಾನ್ ಕಲ್ಕತ್ತಾಕ್ಕೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಿದರು. ಅಲ್ಲಿಯ ಜನ ಅವರನ್ನೂ ಇನ್ನು ನಾಲ್ವರನ್ನೂ ಸೇರಿಸಿ ಪಂಚ ಪಾಂಡವರು ಅಂತ ಕರೆದರು. ಹೊರಗಿನವನು ಅನ್ನಲಿಲ್ಲ, ಪಾಂಡವ ಅಂದರು! ನಮ್ಮ ಕ್ಲಾಸಿನಲ್ಲೇ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಒಬ್ಬನ ಊರು ರಾಯಚೂರಿನ ಕಡೆ, ಇನ್ನೊಬ್ಬನದು ಒಡಿಶಾ. 5-0 ಆದ ಮ್ಯಾಚಿನಲ್ಲಿ ಕೊನೆಯವರೆಗೂ ಓಡಿದವನು ಆ ಒಡಿಶಾದ ಹುಡುಗನೇ. ಮುಂದಿನ ವರ್ಷ ಅವನ ಅಪ್ಪನಿಗೆ ಬೇರೆ ಕಡೆ ಕೆಲಸ ಸಿಕ್ಕಿದರೆ ಅವನು ಹೊರಟುಹೋಗುತ್ತಾನೆ. ಇರುವಷ್ಟು ದಿನ ಅವನು ನಮ್ಮವನೇ.

ಕೊನೆಯದಾಗಿ ನಮ್ಮ ಶಾಲೆಯ ವಿಷಯ. ಹಿಂದಿನ ಬ್ಯಾಚಿನ ಅಣ್ಣಂದಿರು ಚೆನ್ನಾಗಿ ಆಡುತ್ತಿದ್ದರು, ನಿಜ. ಅದರಲ್ಲಿ ಇಬ್ಬರು ಬಹಳ ಎತ್ತರ ಇದ್ದರು, ಅದೂ ನಿಜ. ಎಲ್ಲಾ ವರ್ಷವೂ ಎಲ್ಲರೂ ಒಂದೇ ಸಮ ಇರುವುದಿಲ್ಲ ಅಂತ ಒಪ್ಪುತ್ತೇನೆ. ಆದರೆ ಆಗ ನಮ್ಮ ಮೈದಾನ ಪೂರ್ತಿ ಇತ್ತು. ಹೊಸ ಕೊಠಡಿ ಕಟ್ಟುವಾಗ ಸುರಿದ ಜಲ್ಲಿ, ಮರಳು ಕೊಠಡಿ ಮುಗಿದ ಮೇಲೂ ಹಾಗೇ ಬಿದ್ದಿದೆ. ಅರ್ಧ ಮೈದಾನ ಅದೇ ಇದೆ. ಚೆಂಡು ಅದರ ಮೇಲೆ ಹೋದರೆ ಕಾಲು ತರಚುತ್ತದೆ ಅಂತ ಹುಡುಗರು ಆ ಕಡೆ ಒದೆಯುವುದೇ ಇಲ್ಲ. ನಮ್ಮ ಟೀಮಿನವರು ಎಡಗಡೆ ಆಡಲ್ಲ ಅಂತ ಎಲ್ಲರೂ ನಕ್ಕರಲ್ಲ, ನಮ್ಮ ಎಡಗಡೆ ಜಲ್ಲಿ ಗುಡ್ಡೆ ಇದೆ! ಶನಿವಾರದ ಆಟದ ಪೀರಿಯಡ್ಡೂ ಗಣಿತಕ್ಕೆ ಹೋಗಿದೆ. ಗಣಿತ ಬೇಡ ಅಂತ ನಾನು ಹೇಳುತ್ತಿಲ್ಲ, ಈ ಲೇಖನದಲ್ಲೂ ಲೆಕ್ಕ ಮಾಡಿದ್ದೇನೆ.

ಇನ್ನೊಂದು ಲೆಕ್ಕ ಇದೆ. ನಮ್ಮ ಕ್ಲಾಸಿನಲ್ಲಿ 38 ಜನ. ಅದರಲ್ಲಿ 20 ಜನ ಹೆಣ್ಣುಮಕ್ಕಳು. ಟೀಮು ಆರಿಸುವಾಗ 18 ಜನರನ್ನು ಮಾತ್ರ ನೋಡಿ "ಪ್ರತಿಭೆ ಇಲ್ಲ" ಅಂತ ತೀರ್ಮಾನ ಮಾಡಿದರು. ಹುಡುಗರ ಪಂದ್ಯಕ್ಕೆ ನಮ್ಮನ್ನು ಕಳಿಸಲು ಆಗುವುದಿಲ್ಲ, ನನಗೂ ಗೊತ್ತು. ಆದರೆ ಶಾಲೆಯಲ್ಲಿ ಜೊತೆಗೆ ಆಡಬಹುದಲ್ಲ? ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಮಹಿಳಾ ಟೀಮು 2022-23ರಲ್ಲಿ ಇಂಡಿಯನ್ ವುಮೆನ್ಸ್ ಲೀಗ್‌ನ ಫೈನಲ್ಲಿಗೆ ಹೋಗಿತ್ತು. ಅವರಿಗೂ ಯಾರೋ ಮೊದಲನೇ ದಿನ ಚೆಂಡು ಕೊಟ್ಟಿರಬೇಕು. ಬೇಲಿಯಿಂದ ತಂದುಕೊಡು ಅಂತ ಅಲ್ಲ, ಒದೆ ಅಂತ.

ಆದ್ದರಿಂದ ನಾನು ಗುರುಗಳಲ್ಲಿ ವಿನಂತಿಸಿಕೊಳ್ಳುವುದು ಮೂರೇ ವಿಷಯ. ಜಲ್ಲಿ ಗುಡ್ಡೆಯನ್ನು ತೆಗೆಸಬೇಕು. ಮರಳನ್ನು ಬಾಂಡ್ಲಿಯಲ್ಲಿ ಹೊರಲು ಏಳನೇ ಕ್ಲಾಸಿನವರು ನಾವೇ ಬರುತ್ತೇವೆ, ಎಲ್ಲರನ್ನೂ ಕೇಳಿದ್ದೇನೆ. ಶನಿವಾರದ ಆಟದ ಪೀರಿಯಡ್ ವಾಪಸ್ ಕೊಡಬೇಕು. ಐದು, ಆರನೇ ಕ್ಲಾಸಿನವರನ್ನೂ ಹೆಣ್ಣುಮಕ್ಕಳನ್ನೂ ಅಭ್ಯಾಸಕ್ಕೆ ಸೇರಿಸಬೇಕು. ಇಷ್ಟಾದ ಮೇಲೂ ಮುಂದಿನ ವರ್ಷ 5-0 ಆದರೆ ಆಗ ಪ್ರತಿಭೆ ಇಲ್ಲ ಅಂತ ಹೇಳಿ, ಕೇಳಿಕೊಳ್ಳುತ್ತೇವೆ.

ನಾವು ಏಳನೆಯವರು ಈ ವರ್ಷ ಶಾಲೆ ಬಿಟ್ಟು ಹೈಸ್ಕೂಲಿಗೆ ಹೋಗುತ್ತೇವೆ. ಮೈದಾನ ಸರಿಯಾದರೂ ಅದರಲ್ಲಿ ನಾವು ಹೆಚ್ಚು ದಿನ ಆಡುವುದಿಲ್ಲ. ಆದರೂ ಕೇಳುತ್ತಿದ್ದೇನೆ. ಯಾಕೆಂದರೆ ನನ್ನ ತಮ್ಮ ಈಗ ನಾಲ್ಕನೇ ಕ್ಲಾಸು. ಅವನ ಬ್ಯಾಚಿಗೂ ಯಾರೋ ನಮ್ಮ ಬ್ಯಾಚನ್ನು ತೋರಿಸಿ ಬೈಯುವುದು ನನಗೆ ಇಷ್ಟ ಇಲ್ಲ.

ಇದು ನನ್ನ ಅನಿಸಿಕೆ. ಬರೆದದ್ದರಲ್ಲಿ ತಪ್ಪಿದ್ದರೆ ಹಿರಿಯರು ಕ್ಷಮಿಸಿ ತಿದ್ದಬೇಕು. ಬೇರೆ ಅಭಿಪ್ರಾಯ ಇರುವವರು ಮುಂದಿನ ಗೋಡೆ ಪತ್ರಿಕೆಗೆ ಬರೆದುಕೊಡಿ.


ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ