ಅಣು ಒಲೆಯ ಬೂದಿ ಎಲ್ಲಿಗೆ?

ಸೌದೆ ಒಲೆಯ ಬೂದಿ ತಿಪ್ಪೆಗೆ ಬಿದ್ದರೆ ಗೊಬ್ಬರ. ಪಾತ್ರೆ ತಿಕ್ಕಲೂ ಆದೀತು. ಅಣು ವಿದ್ಯುತ್ ಸ್ಥಾವರದ ‘ಬೂದಿ’ಯ ಕಥೆಯೇ ಬೇರೆ. ಬಳಸಿ ಮುಗಿದ ಯುರೇನಿಯಂ ಇಂಧನವನ್ನು ಹೊರತೆಗೆದ ಮೇಲೆ ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿಸಿ ತಣಿಸಬೇಕು. ಆಮೇಲೂ ಅದು ವಿಕಿರಣ ಸೂಸುತ್ತಲೇ ಇರುತ್ತದೆ.

ಎಷ್ಟು ಕಾಲ? ಅದರಲ್ಲಿರುವ ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಅಂದರೆ 30 ವರ್ಷಕ್ಕೆ ಅರ್ಧ, 60ಕ್ಕೆ ಕಾಲು. ಹೀಗೆ ಹತ್ತು ಸಲ ಅರ್ಧವಾದಾಗ, ಎಂದರೆ 300 ವರ್ಷಕ್ಕೆ, ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ಪ್ಲುಟೋನಿಯಂ-239ರ ಅರ್ಧಾಯುಷ್ಯವೋ ಸುಮಾರು 24,000 ವರ್ಷ. ಅದು ಅಷ್ಟಕ್ಕೆ ಇಳಿಯಲು 2,40,000 ವರ್ಷ ಬೇಕು!

ಇದನ್ನು ಎಲ್ಲಿಡುವುದು? ಅಮೆರಿಕದ ಇಂಧನ ಇಲಾಖೆ 1980ರಲ್ಲಿ ವಾಣಿಜ್ಯ ಸ್ಥಾವರಗಳ ತ್ಯಾಜ್ಯ ಕುರಿತ ದೊಡ್ಡ ವರದಿಯೊಂದರಲ್ಲಿ ಹಲವು ದಾರಿಗಳನ್ನು ತೂಗಿ ನೋಡಿತು.

ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದರೆ? ಉಡಾವಣೆ ಕೆಟ್ಟರೆ ತ್ಯಾಜ್ಯ ನಮ್ಮ ತಲೆಯ ಮೇಲೆಯೇ ಬೀಳುತ್ತದೆ. 1986ರಲ್ಲಿ ಚಾಲೆಂಜರ್ ನೌಕೆ ಮೇಲೆದ್ದ 73 ಸೆಕೆಂಡುಗಳಲ್ಲಿ ಛಿದ್ರವಾದದ್ದು ಈ ಭಯ ಸುಳ್ಳಲ್ಲವೆಂದು ತೋರಿಸಿತು. ಧ್ರುವದ ಹಿಮದಲ್ಲಿ ಹೂತರೆ? ಲಕ್ಷಾಂತರ ವರ್ಷ ಹಿಮ ಹಾಗೆಯೇ ಇದ್ದೀತೆಂಬ ಭರವಸೆಯಿಲ್ಲ. ಅಂಟಾರ್ಕ್ಟಿಕದಲ್ಲಂತೂ 1959ರ ಒಪ್ಪಂದ ಅದನ್ನು ನಿಷೇಧಿಸಿದೆ. ಕಡಲತಳದ ಕೆಸರಿನಲ್ಲಿ ಹುದುಗಿಸಿದರೆ? ಸೋರತೊಡಗಿದರೆ ಮತ್ತೆ ಮೇಲೆತ್ತುವುದು ಬಲು ಕಷ್ಟ. ನ್ಯೂಟ್ರಾನ್ ಹೊಡೆದು ಬೇಗ ಕ್ಷಯಿಸುವ ಧಾತುಗಳಾಗಿ ಮಾರ್ಪಡಿಸಿದರೆ? ಆಗಲೂ ಒಂದಿಷ್ಟು ತ್ಯಾಜ್ಯ ಉಳಿದೇ ಉಳಿಯುತ್ತದೆ.

ಕೊನೆಗೆ ಆಯ್ಕೆಯಾದದ್ದು ನೆಲದಾಳದ ಬಂಡೆ. ಅಲ್ಲಿ ಸುರಂಗ ಕೊರೆದು, ಗಟ್ಟಿ ಪೆಟ್ಟಿಗೆಗಳಲ್ಲಿ ತ್ಯಾಜ್ಯವನ್ನಿಟ್ಟು ಮುಚ್ಚುವುದು.

ಭಾರತದ ಕ್ರಮ ತುಸು ಭಿನ್ನ. ಇಲ್ಲಿ ಬಳಸಿದ ಇಂಧನವನ್ನು ಮರುಸಂಸ್ಕರಿಸಿ ಯುರೇನಿಯಂ, ಪ್ಲುಟೋನಿಯಂಗಳನ್ನು ಬೇರ್ಪಡಿಸುತ್ತಾರೆ. ಉಳಿದ ಉಗ್ರ ತ್ಯಾಜ್ಯವನ್ನು ಕರಗಿದ ಗಾಜಿನೊಡನೆ ಬೆರೆಸಿ ಗಟ್ಟಿಯಾಗಿಸುತ್ತಾರೆ. ಆ ಗಾಜಿಗೂ ಒಂದು ದಿನ ನೆಲದಾಳದ ನೆಲೆ ಬೇಕು. ಬಂಡೆ ಶಾಖವನ್ನು ಹೇಗೆ ತಾಳುತ್ತದೆಂದು ತಿಳಿಯಲು 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯ ಸುಮಾರು 1,000 ಮೀಟರ್ ಆಳದಲ್ಲಿ ಪ್ರಯೋಗ ನಡೆದಿತ್ತು. ಅಲ್ಲಿಟ್ಟದ್ದು ತ್ಯಾಜ್ಯವಲ್ಲ, ವಿದ್ಯುತ್ ಹೀಟರುಗಳನ್ನು.

ವಿಜ್ಞಾನ ದಾರಿ ತೋರಿದರೂ ಕೆಲಸ ಸುಲಭವಾಗಲಿಲ್ಲ. ಅಮೆರಿಕದ ಸಂಸತ್ತು 1987ರಲ್ಲಿ ನೆವಾಡಾ ರಾಜ್ಯದ ಯುಕ್ಕಾ ಬೆಟ್ಟವೊಂದನ್ನೇ ಪರಿಶೀಲಿಸುವಂತೆ ಗೊತ್ತುಮಾಡಿತು. ಆ ರಾಜ್ಯ ಬಲವಾಗಿ ವಿರೋಧಿಸಿತು. ಕೋಟ್ಯಂತರ ಡಾಲರ್ ಸುರಿದ ಮೇಲೆ ಯೋಜನೆ ನಿಂತುಹೋಯಿತು. ಅಲ್ಲಿ ಬಳಸಿದ ಇಂಧನ ಇಂದಿಗೂ ಬಹುಪಾಲು ಸ್ಥಾವರಗಳ ಅಂಗಳದಲ್ಲೇ ಇದೆ.

ಫಿನ್ಲೆಂಡಿನಲ್ಲಿ ಸ್ಥಳೀಯ ಆಡಳಿತಕ್ಕೆ ‘ಬೇಡ’ ಎನ್ನುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಯೂರಾಯೋಕಿ ಎಂಬ ಊರಿನ ಪರಿಷತ್ತು ಚರ್ಚಿಸಿ, 2000ದಲ್ಲಿ ಒಪ್ಪಿಗೆ ನೀಡಿತು. ಮರುವರ್ಷ ಸಂಸತ್ತೂ ಅಸ್ತು ಎಂದಿತು. ಅಲ್ಲಿ 400 ಮೀಟರಿಗೂ ಹೆಚ್ಚು ಆಳದಲ್ಲಿ ‘ಓಂಕಾಲೊ’ ಸುರಂಗ ಸಿದ್ಧವಾಗಿದೆ. ತಾಮ್ರದ ಪೆಟ್ಟಿಗೆ, ಅದರ ಸುತ್ತ ನೀರಿಗೆ ಉಬ್ಬಿ ಸಂದುಗಳನ್ನು ಮುಚ್ಚುವ ಬೆಂಟೊನೈಟ್ ಜೇಡಿ, ಹೊರಗೆ ಸುಮಾರು 190 ಕೋಟಿ ವರ್ಷದ ಬಂಡೆ: ಒಂದು ಸೋತರೆ ಇನ್ನೊಂದು ಕಾವಲು.

ಬಂಡೆಯ ಗುಣವನ್ನು ಉಪಕರಣಗಳಿಂದ ಅಳೆಯಬಹುದು. ಊರಿನವರ ಒಪ್ಪಿಗೆಯನ್ನು ಅವರನ್ನು ಕೇಳಿಯೇ ಪಡೆಯಬೇಕು. ಇನ್ನೂ ಹುಟ್ಟದ ಸಾವಿರಾರು ತಲೆಮಾರುಗಳನ್ನು ಕೇಳುವುದಂತೂ ಸಾಧ್ಯವಿಲ್ಲ. ವಿದ್ಯುತ್ತಿನ ಬೆಳಕನ್ನು ಅನುಭವಿಸಿದ ತಲೆಮಾರೇ ಅವರ ಪರವಾಗಿಯೂ ಯೋಚಿಸಬೇಕಾಗಿದೆ.